ಹಿಂದಿನ ಎಡಚಕ್ರ

ಸದ್ದು ಬಂದದ್ದು ಕಾರಿನ ಹಿಂದುಗಡೆಯಿಂದ, ತೀರ್ಪು ಬಂದದ್ದು ಊಟದ ಮೇಜಿನ ತುದಿಯಿಂದ.

“ಮೂಟೆ,” ಎಂದರು ಮಾವ, ಅನ್ನಕ್ಕೆ ಮೊಸರು ಕಲಸುತ್ತ. “ಬೇರೇನೂ ಅಲ್ಲ. ಬಟ್ಟೆ ಮೂಟೆ ಹೇರಿ ಹೇರಿ ಹಿಂದಿನ ಸ್ಪ್ರಿಂಗು ಸೊಂಟ ಮುರ್ಕೊಂಡಿದೆ. ಕಾರು ಅಂದ್ರೆ ಕತ್ತೆ ಅಲ್ಲ.”

ಸೊಸೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. “ನಾಲ್ಕು ಜನ ಕೂತ್ರೆ ಆಗೋ ಭಾರನೂ ಇರಲ್ಲ ಮಾವ ಅದು.”

“ಜನ ಸೀಟಿನ ಮೇಲೆ ಕೂತ್ಕೋತಾರೆ. ಮೂಟೆ ಡಿಕ್ಕಿಯಲ್ಲಿ ಕೂತ್ಕೊಳ್ಳುತ್ತೆ. ಎಲ್ಲಾ ಭಾರ ಹಿಂದಕ್ಕೆ.”

“ಸ್ವಲ್ಪ ದಿನ ನಿಲ್ಲಿಸಿ ನೋಡು,” ಎಂದ ಗಂಡ, ತಟ್ಟೆಯಿಂದ ತಲೆಯೆತ್ತದೆ. “ಅಪ್ಪ ಸುಮ್ಸುಮ್ನೆ ಹೇಳಲ್ಲ.”

ಗಂಡನದು ಔಷಧಿ ಗೋದಾಮಿನಲ್ಲಿ ಕೆಲಸ. ಡಬ್ಬಿಯ ಮೇಲೆ ಏನು ಬರೆದಿದೆಯೋ ಒಳಗೂ ಅದೇ ಇರುತ್ತದೆ ಎಂದು ನಂಬುವ ಮನುಷ್ಯ. ಅಪ್ಪನ ವಿಷಯದಲ್ಲೂ ಅಷ್ಟೇ.

ಸೊಸೆ ಎರಡು ಲಾಡ್ಜುಗಳ ಹಾಸು ಹೊದಿಕೆ ತಂದು ಒಗೆದು, ಇಸ್ತ್ರಿ ಮಾಡಿ ತಲುಪಿಸುತ್ತಿದ್ದಳು. ಹಿತ್ತಲಿನ ಶೆಡ್ಡಿನಲ್ಲಿ ದೊಡ್ಡ ಮೆಷಿನ್ನು, ಅಂಗಳದ ತುಂಬ ಹಗ್ಗ. ಬೆಳಿಗ್ಗೆ ಕಾರು ಮಾವನದು, ಮೊಮ್ಮಗಳು ಪುಟ್ಟಿಯನ್ನು ಶಾಲೆಗೆ ಬಿಡಲಿಕ್ಕೆ. ಆಮೇಲೆ ಅದು ಸೊಸೆಯದು. ಈ ಏರ್ಪಾಡಿನ ಮೇಲೆಯೇ ಅವಳ ಕೆಲಸ ನಿಂತಿತ್ತು.

ಆದರೆ ಕಾರಿನ ವಿಷಯದಲ್ಲಿ ಮಾವನೊಡನೆ ವಾದ ಮಾಡುವುದೆಂದರೆ ಅಡುಗೆಭಟ್ಟನಿಗೆ ಉಪ್ಪು ತೋರಿಸಿದ ಹಾಗೆ. ಡ್ರೈವಿಂಗ್ ಸ್ಕೂಲು ನಡೆಸಿ ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು ಅವರು. ಜನ ಹೆಸರು ಮರೆತು ‘ಕ್ಲಚ್ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಸ್ಕೂಲು ಮುಚ್ಚಿದಾಗ ಅದರ ಹಳೆಯ ಕಾರನ್ನೇ ಮನೆಗೆ ತಂದುಕೊಂಡರು. ಎಡಗಡೆ ಸೀಟಿನ ಮುಂದೆ ಕಲಿಸುವವರ ಕಾಲಿಗೆಂದು ಇದ್ದ ಎರಡನೇ ಬ್ರೇಕನ್ನು ಬಿಚ್ಚಿಸಿ, ಆ ತೂತಿನ ಮೇಲೆ ರಬ್ಬರ್ ಚಾಪೆ ಹಾಸಿದರು. ಸೊಸೆಯೂ ಇದೇ ಕಾರಿನಲ್ಲಿ ಕಲಿತವಳು. “ಮಲಗಿರೋ ಮಗು ಪಕ್ಕದಿಂದ ಏಳೋ ಹಾಗೆ ಕ್ಲಚ್ಚಿಂದ ಕಾಲು ತೆಗೀತಾಳೆ. ಇಂಥವಳು ಸಂಸಾರಾನೂ ಜರ್ಕ್ ಹೊಡೆಸಲ್ಲ,” ಎಂದು ಮೆಚ್ಚಿ, ತಾವೇ ಅವಳ ಮನೆಗೆ ಹೋಗಿ ಮಗನಿಗೆ ಕೇಳಿದ್ದರು. ಆ ಮೆಚ್ಚುಗೆಯೇ ಈಗ ಅವಳ ಬಾಯಿ ಕಟ್ಟುತ್ತಿತ್ತು.

ಕಲಿಯಲು ಬಂದವರಿಗೆಲ್ಲ ಅವರು ಹೇಳಿಕೊಡುತ್ತಿದ್ದ ಒಂದು ಸೂತ್ರವಿತ್ತು. ಕಾರಿನಲ್ಲಿ ಸದ್ದು ಬಂದರೆ ಗಾಬರಿಯಾಗಿ ಗ್ಯಾರೇಜಿಗೆ ಓಡಬೇಡಿ. ಮೊದಲು ಭಾರ ಬದಲಾಯಿಸಿ ನೋಡಿ, ಆಮೇಲೆ ರಸ್ತೆ ಬದಲಾಯಿಸಿ ನೋಡಿ, ಆಮೇಲೆ ಡ್ರೈವರನ್ನು ಬದಲಾಯಿಸಿ ನೋಡಿ. ಮೂರರಲ್ಲಿ ಒಂದು ಬಾಯಿ ಬಿಡುತ್ತದೆ.

ಸರಿ, ಭಾರ ಬದಲಾಯಿತು. ಸೊಸೆ ಬಾಡಿಗೆ ಗಾಡಿಗಳ ಬೆನ್ನು ಹತ್ತಿದಳು. ಬೇಕಾದಾಗ ಸಿಗುವುದಿಲ್ಲ, ಸಿಕ್ಕವನು ಮೂಟೆ ಇಳಿಸಲು ಕೈ ಕೊಡುವುದಿಲ್ಲ. ಎರಡು ಸಲ ಹೊದಿಕೆ ತಡವಾಯಿತು. ಮೂರನೆಯ ಸಲ ದೊಡ್ಡ ಲಾಡ್ಜಿನ ಮ್ಯಾನೇಜರು ಕೌಂಟರಿನ ಹಿಂದಿನಿಂದಲೇ ಕೈಯಾಡಿಸಿದ. “ಗಿರಾಕಿ ಬಂದು ಬರೀ ಹಾಸಿಗೆ ಮೇಲೆ ಮಲಗ್ಬೇಕಾ ಅಮ್ಮ? ಬೇರೆಯವರಿಗೆ ಹೇಳಿಬಿಟ್ಟಿದ್ದೀನಿ.”

ಅವಳು ಮನೆಗೆ ಬಂದು ಯಾರಿಗೂ ಹೇಳದೆ ಪಾತ್ರೆ ತಿಕ್ಕಿದಳು. ಪಾತ್ರೆಗಳ ಗದ್ದಲ ಕೇಳಿಯೇ ಮನೆಯವರಿಗೆ ವಿಷಯ ತಿಳಿಯಿತು.

ಇತ್ತ ಕಾರಿನ ಸದ್ದು ನಿಲ್ಲಲಿಲ್ಲ. ಡಿಕ್ಕಿ ಖಾಲಿ, ಸದ್ದು ಮಾತ್ರ ಹಾಗೆಯೇ.

ಗ್ಯಾರೇಜಿನ ದಪ್ಪಣ್ಣ ಕಾರನ್ನು ಹಿಂದಿನಿಂದ ಒತ್ತಿ ಬಿಟ್ಟು ನೋಡಿದ. ಬಲಗಡೆ ಒಂದು ಸಲ ಎದ್ದು ಸುಮ್ಮನಾಯಿತು. ಎಡಗಡೆ ಎರಡು ಮೂರು ಸಲ ತೂಗಿತು. ಬಗ್ಗಿ ನೋಡಿ, “ಎಡಗಡೆ ಶಾಕ್ ಅಬ್ಸಾರ್ಬರು ಎಣ್ಣೆ ಕಾರ್ಕೊಂಡಿದೆ. ಅದರ ರಬ್ಬರ್ ಬುಷ್ಷೂ ಹರಿದಿದೆ. ಹಳೇ ಕಾರಲ್ವಾ?” ಎಂದ. ಎರಡೂ ಕಡೆ ಹೊಸ ಶಾಕು, ಹೊಸ ಬುಷ್ಷು ಹಾಕಿ ಕೊಟ್ಟ.

“ಎಡಗಡೆ ಮಾತ್ರ ಯಾಕೆ?” ಎಂದು ಸೊಸೆ ಕೇಳಿದಳು.

ದಪ್ಪಣ್ಣ ಬಾಯಿ ತೆರೆಯುವ ಮೊದಲೇ ಮಾವ ಉತ್ತರ ಕೊಟ್ಟರು. “ಮೂಟೆ ಯಾವಾಗಲೂ ಎಡಕ್ಕೆ ಇಡ್ತೀಯ, ಅದಕ್ಕೆ.”

ಅದು ನಿಜವೇ. ಬಲಗಡೆ ಪುಟ್ಟಿಯ ಸೈಕಲ್ ಪಂಪು, ಛತ್ರಿ, ಹಳೆಯ ಜ್ಯಾಕು ಬಿದ್ದಿರುತ್ತಿದ್ದವು.

ಹೊಸ ಶಾಕು ಒಂದು ವಾರ ಸುಮ್ಮನಿತ್ತು. ಆಮೇಲೆ ಮತ್ತೆ ಧಡ್ ಧಡ್. ಈಗ ಮಾವ ಸೂತ್ರದ ಎರಡನೇ ಮೆಟ್ಟಿಲು ಹತ್ತಿದರು. ಶಾಲೆಯ ರಸ್ತೆ ಹಾಳಾಗಿದೆ ಎಂದು ಗ್ರಂಥಾಲಯದ ಕಡೆಯಿಂದ ಸುತ್ತಿ ಹೋಗತೊಡಗಿದರು. ರಸ್ತೆ ಬದಲಾಯಿತು, ಸದ್ದು ಬದಲಾಗಲಿಲ್ಲ. ಮೂರನೆಯ ಮೆಟ್ಟಿಲಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ, ಪುಟ್ಟಿ ಹಣೆಯ ಎಡಗಡೆ ಬೋರೆ ಎಬ್ಬಿಸಿಕೊಂಡು ಬರುವವರೆಗೆ.

“ಕಿಟಕಿ ಗಾಜಿಗೆ ಹೊಡೀತು,” ಎಂದಳು ಪುಟ್ಟಿ. “ಮೂಲೇಲಿ ಕಾರು ಹಾರುತ್ತಲ್ಲ, ಆಗ.”

“ಯಾವ ಮೂಲೆ?”

“ತಿರುಗೋ ಮೂಲೆ.”

“ಸರಿಯಾಗಿ ಕೂತ್ಕೊಂಡ್ರೆ ಯಾಕೆ ಹೊಡೆಯುತ್ತೆ? ಮಂಗನ ಹಾಗೆ ಆಡ್ತಿರ್ತಾಳೆ,” ಎಂದು ಮಾವ ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಮಾರನೆಯ ದಿನ ಸೊಸೆಯೇ ಕಾರನ್ನು ಗ್ಯಾರೇಜಿಗೆ ಒಯ್ದಳು. ದಾರಿಯುದ್ದಕ್ಕೂ ಅದು ಮೆಲ್ಲಗೆ ಕೊರಗಿತೇ ಹೊರತು ಒಮ್ಮೆಯೂ ಧಡ್ ಎನ್ನಲಿಲ್ಲ. ದಪ್ಪಣ್ಣ ಕಾರು ಎತ್ತಿಸಿ ಟಾರ್ಚು ಹಿಡಿದ. ಹೊಸ ಎಡ ಶಾಕಿನ ಸರಳು ಬಾಗಿತ್ತು. ಚಕ್ರ ಒಂದಿಷ್ಟು ಓರೆಯಾಗಿ, ಟೈರು ಒಳಮಗ್ಗುಲಲ್ಲಿ ನುಣ್ಣಗೆ ಸವೆದಿತ್ತು. ರಿಮ್ಮಿನ ಅಂಚಿಗೆ ಹಳದಿ ಬಣ್ಣ ಮೆತ್ತಿಕೊಂಡಿತ್ತು.

“ಇದು ಭಾರಕ್ಕೆ ಆದದ್ದಲ್ಲ ಅಕ್ಕ,” ಎಂದ ಅವನು, ದನಿ ತಗ್ಗಿಸಿ. “ಮುಂದಿನ ಚಕ್ರ ತಪ್ಪಿಸ್ಕೊಂಡು ಹೋಗುತ್ತೆ, ಹಿಂದಿನದು ಫುಟ್‌ಪಾತ್ ಕಲ್ಲು ಹತ್ತಿ ಬೀಳುತ್ತೆ. ಎಡಕ್ಕೆ ತಿರುಗುವಾಗ ಮೂಲೆಗೆ ತೀರಾ ಒತ್ತಿ ಹೋದ್ರೆ ಹೀಗಾಗುತ್ತೆ. ಒಂದು ಸಲ ಅಲ್ಲ, ದಿನಾ.”

“ಇದನ್ನ ನಮ್ಮ ಮಾವನಿಗೆ ಹೇಳು.”

ದಪ್ಪಣ್ಣ ಟಾರ್ಚು ಆರಿಸಿದ. “ಎಡಕ್ಕೆ ತಿರುಗೋದು ಹೇಗೆ ಅಂತ ನನಗೆ ಕಲಿಸಿದವರೇ ಅವರು. ನಾನು ಹೇಗೆ ಹೇಳಲಿ? ಮೊದಲ ಸಲ ಎಣ್ಣೆ ಸೋರಿದ್ದು ನೋಡಿ ವಯಸ್ಸು ಅಂದ್ಕೊಂಡೆ. ಕಾರಿಂದು.”

ಅವಳು ಮನೆಗೆ ಹೋಗುವಾಗ ಗ್ರಂಥಾಲಯದ ತಿರುವಿನಲ್ಲಿ ಇಳಿದು ನೋಡಿದಳು. ಹಳದಿ ಬಣ್ಣ ಬಳಿದ ಮೂಲೆಗಲ್ಲು. ಅದರ ಅಂಚು ಮುಕ್ಕಾಗಿ, ಮೇಲೆ ಟೈರಿನ ಕಪ್ಪು ಗೆರೆಗಳು ಒಂದರ ಮೇಲೊಂದು ಬಿದ್ದಿದ್ದವು. ಕಲ್ಲಿನಿಂದ ಒಂದು ಹೆಜ್ಜೆ ಆಚೆ ಶಾಲೆಗೆ ನಡೆದು ಹೋಗುವ ಮಕ್ಕಳು ರಸ್ತೆ ದಾಟಲು ನಿಲ್ಲುವ ಜಾಗ.

ಗಂಡನಿಗೆ ಹೇಳಿದಾಗ ಅವನು ಶೂ ಬಿಚ್ಚುತ್ತಿದ್ದವನು ಒಂದು ಶೂನಲ್ಲೇ ಎದ್ದು ನಿಂತ.

“ನಿನ್ನ ಮೂಟೆಗೋಸ್ಕರ ಅಪ್ಪನ ಮೇಲೆ ಗೂಬೆ ಕೂರಿಸ್ತೀಯಾ?”

“ಕಲ್ಲು ನೋಡ್ಕೊಂಡು ಬಂದಿದ್ದೀನಿ ರೀ. ನೀವೂ ಹೋಗಿ ನೋಡಿ.”

“ಊರಲ್ಲಿ ಅವರದ್ದೊಂದೇ ಕಾರಾ ಇರೋದು? ಅಪ್ಪನಿಗೆ ಓಡಿಸೋಕೆ ಬರಲ್ಲ ಅಂತ ಹೇಳೋದು ಯಾರು, ನೀನು! ಕಲಿಸಿದವರಿಗೇ ಪಾಠ.”

“ಬರಲ್ಲ ಅಂದ್ನಾ? ಏನೋ ಆಗಿದೆ ಅಂತಿದ್ದೀನಿ. ಪುಟ್ಟಿ ಹಣೆ ನೋಡಿ.”

“ಲಾಡ್ಜು ಹೋಯ್ತು ಅಂತ ಹೊಟ್ಟೆ ಉರಿ ನಿನಗೆ. ಅಮ್ಮ ಬರಲಿ, ಮಾತಾಡೋಣ.”

ಅತ್ತೆ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿ ಆಗಲೇ ಎರಡು ತಿಂಗಳಾಗುತ್ತ ಬಂದಿತ್ತು. ಆ ವಾರ ಅವರು ಬಂದರು. ಬಂದ ಮಾರನೆಯ ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿಕೊಂಡು, “ಗಾಳಿ ಕುಡಿದು ಬರ್ತೀನಿ,” ಎಂದು ಹಿಂದಿನಂತೆ ಮಾವನ ಪಕ್ಕದ ಸೀಟಿನಲ್ಲಿ ಕೂತು ಶಾಲೆಯವರೆಗೆ ಹೋದರು. ಆ ಹೊತ್ತಿಗೆ ದಪ್ಪಣ್ಣ ಮತ್ತೊಂದು ಶಾಕು ಹಾಕಿ ಚಕ್ರದ ಓರೆ ತೆಗೆಸಿದ್ದ. ಸದ್ದು ನಿಂತಿತು. ಮರುದಿನವೂ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ.

“ನೋಡಿದ್ಯಾ?” ಎಂದರು ಮಾವ ಊಟಕ್ಕೆ ಕೂತಾಗ. “ಮೂಟೆ ಹೋಯ್ತು, ಪೀಡೆ ಹೋಯ್ತು.”

ಗಂಡ ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಅರ್ಧ ಗೆಲುವು, ಅರ್ಧ ಕರುಣೆ. ಅದರಲ್ಲಿ ಯಾವುದೂ ಅವಳಿಗೆ ಬೇಕಿರಲಿಲ್ಲ. ಕಲ್ಲಿನ ಮೇಲಿನ ಗೆರೆ ಸುಳ್ಳೇ? ತನಗೇ ತಲೆ ಕೆಟ್ಟಿದೆಯೇ?

ಅಷ್ಟರಲ್ಲಿ ಪುಟ್ಟಿ, ತಟ್ಟೆಯ ಅಂಚಿಗೆ ಬೇಡದ ತರಕಾರಿ ಸಾಲಾಗಿ ಜೋಡಿಸುತ್ತಿದ್ದವಳು, “ಅಜ್ಜಿಗೆ ಔಷಧಿ ಕೊಡಮ್ಮ. ಕಾರಲ್ಲಿ ಖಕ್ ಅಂತ ಕೆಮ್ತಾನೇ ಇರ್ತಾರೆ,” ಎಂದಳು.

ಅತ್ತೆ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟರು. “ಧೂಳು,” ಎಂದರು.

ಮನೆಯಲ್ಲಿ ಅವರು ಒಮ್ಮೆಯೂ ಕೆಮ್ಮಿದ್ದನ್ನು ಸೊಸೆ ಕೇಳಿರಲಿಲ್ಲ. ಒಗೆಯುವ ಪುಡಿಯ ಘಾಟಿನ ನಡುವೆ ನಿಂತರೂ ಕೆಮ್ಮದ ಹೆಂಗಸು ಕಿಟಕಿ ಮುಚ್ಚಿದ ಕಾರಿನಲ್ಲಿ ಕೆಮ್ಮುತ್ತಾರೆಂದರೆ! ಮರುದಿನ ಚಿಕ್ಕ ಲಾಡ್ಜಿಗೆ ಹೋಗಬೇಕೆಂದು ನೆಪ ಹೇಳಿ ಅವಳೂ ಹಿಂದೆ ಕೂತಳು.

ಗೇಟು ದಾಟುವಾಗ ಎಡಗಂಬ ಹತ್ತಿರ ಬಂತು. ಅತ್ತೆ ಒಮ್ಮೆ ಕೆಮ್ಮಿದರು. ಸ್ಟೇರಿಂಗು ಕೂದಲೆಳೆಯಷ್ಟು ಬಲಕ್ಕೆ ಸರಿಯಿತು. ತರಕಾರಿ ಗಾಡಿಯ ಬಳಿ ಇನ್ನೊಂದು ಕೆಮ್ಮು, ಮತ್ತೆ ಬಲಕ್ಕೆ. ಗ್ರಂಥಾಲಯದ ತಿರುವಿನಲ್ಲಿ ಎರಡು ಕೆಮ್ಮು. ಕಾರು ಹಳದಿ ಕಲ್ಲನ್ನು ಬಿಟ್ಟು ಚೆಂದವಾಗಿ ಸುತ್ತಿ ಹೋಯಿತು. ಮಾವ, ಅತ್ತೆ ಇಬ್ಬರೂ ಮುಂದೆ ನೋಡುತ್ತಿದ್ದರು, ಏನೂ ಮಾತಿಲ್ಲ. ಇಷ್ಟು ಹೊಂದಾಣಿಕೆಯ ಸಂಸಾರವನ್ನು ಸೊಸೆ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಅದನ್ನು ನೋಡಿ ಅವಳಿಗೆ ಭಯವಾಯಿತು.

ಅಂದು ಅಂಗಳದಲ್ಲಿ ಒದ್ದೆ ಹೊದಿಕೆಯ ಒಂದು ತುದಿ ಅತ್ತೆ, ಇನ್ನೊಂದು ತುದಿ ಸೊಸೆ ಹಿಡಿದು ಹಿಂಡುತ್ತಿದ್ದರು.

“ಯಾವ ಕಣ್ಣು ಅತ್ತೆ?” ಎಂದಳು ಸೊಸೆ.

ಅತ್ತೆ ಹಿಂಡುವುದನ್ನು ನಿಲ್ಲಿಸಲಿಲ್ಲ. ನೀರು ಸುರಿದು ಅವರ ಪಾದ ನೆನೆಯಿತು. “ಎಡಗಣ್ಣು,” ಎಂದರು. “ಒಳಗೇ ಒತ್ತಡ ಜಾಸ್ತಿಯಾಗಿ ಹೋಯ್ತಂತೆ. ಹೋದದ್ದು ಬರಲ್ಲ, ಇನ್ನೊಂದನ್ನ ಉಳಿಸ್ಕೊಳ್ಳಿ ಅಂದ್ರು ಡಾಕ್ಟ್ರು. ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ.”

“ಬಾಯಿಬಿಟ್ಟು ಎಡಕ್ಕೆ ನೋಡಿ ಅನ್ನಬಾರದಾ?”

“ಪುಟ್ಟಿ ಇರ್ತಾಳಲ್ಲ, ಮನೇಲಿ ಹೇಳಿಬಿಡ್ತಾಳೆ. ಕ್ಲಚ್ ಮೇಷ್ಟ್ರಿಗೆ ಕಣ್ಣು ಕಾಣಲ್ಲ ಅಂದ್ರೆ ಅವರು ಮುಖ ಎಲ್ಲಿಟ್ಕೋತಾರೆ? ನಾನಿದ್ದೀನಲ್ಲ, ನೋಡ್ಕೋತೀನಿ.”

“ಎರಡು ತಿಂಗಳು ನೀವಿರಲಿಲ್ಲ.”

“ಓಡಿಸಬೇಡಿ ಅಂತ ಹೇಳೇ ಹೋಗಿದ್ದೆ.” ಅತ್ತೆಯ ದನಿ ಮೊದಲ ಸಲ ಒಡೆಯಿತು. “ಓಡಿಸದೇ ಇದ್ರೆ ಯಾಕೆ ಅಂತ ಕೇಳ್ತೀರಲ್ಲ ನೀವೆಲ್ಲ. ಅದಕ್ಕೇ ಓಡಿಸಿದ್ರು.”

“ನನ್ನ ಮಗಳು ಹಿಂದೆ ಕೂತಿದ್ಲು ಅತ್ತೆ. ಎಡಗಡೆ.” ಸೊಸೆಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. “ನನ್ನ ಕೆಲಸ ಹೋಗಲಿ, ಬೈಸಿಕೊಂಡದ್ದೂ ಹೋಗಲಿ. ಆ ಮೂಲೇಲಿ ಮಕ್ಕಳು ನಿಲ್ತಾರೆ. ನಿಮಗೆ ಒಂದು ದಿನ ನಿಜವಾಗ್ಲೂ ಕೆಮ್ಮು ಬಂದ್ರೆ ಏನ್ಮಾಡ್ತೀರಿ?”

ಅತ್ತೆ ಹೊದಿಕೆ ಕೊಡವಿ ಹಗ್ಗಕ್ಕೆ ಹಾಕಿ, ಅಂಚು ಸರಿ ಮಾಡಿದರು. “ನಾನೇ ಹೇಳ್ತೀನಿ ಅವರಿಗೆ. ನಿನ್ನ ಬಾಯಿಂದ ಬಂದ್ರೆ ತಡ್ಕೊಳ್ಳಲ್ಲ. ಈ ವಾರ ಕಳೀಲಿ.”

“ಹೇಳೋವರೆಗೂ ಪುಟ್ಟೀನ ನಾನು ನಡೆಸ್ಕೊಂಡು ಹೋಗ್ತೀನಿ.”

“ಹಾಗೆ ಮಾಡಿದ್ರೆ ಈಗಲೇ ಗೊತ್ತಾಗುತ್ತಲ್ಲೇ.”

ಸೊಸೆ ಒಪ್ಪಬಾರದಿತ್ತು. ಒಪ್ಪಿದಳು, ತಾನೂ ಕಾರಿನಲ್ಲಿ ಬರುತ್ತೇನೆಂಬ ಷರತ್ತಿನ ಮೇಲೆ. ಪುಟ್ಟಿಯನ್ನು ಬಲಕ್ಕೆ ಕೂರಿಸಿ ತಾನು ನಡುವೆ ಕೂತಳು. ದಿನವೂ ಮಾವ, “ಏನಮ್ಮ, ಮೆರವಣಿಗೆ ಹೊರಟ ಹಾಗೆ ಎಲ್ಲರೂ ಬರ್ತೀರಿ?” ಎಂದು ನಗುವರು. ದಿನವೂ ಅತ್ತೆ, “ನಾಳೆ ಹೇಳ್ತೀನಿ,” ಎಂದು ಕಣ್ಣಿನಲ್ಲೇ ಹೇಳುವರು.

ಅಂಥದೊಂದು ನಾಳೆ ಬೆಳಿಗ್ಗೆ ರಸ್ತೆ ಗುಡಿಸುವವರು ಒಣಎಲೆಗೆ ಬೆಂಕಿ ಹಚ್ಚಿದ್ದರು. ಸೆಖೆಯೆಂದು ಕಿಟಕಿ ಇಳಿಸಿತ್ತು. ಹೊಗೆ ಬುಸ್ಸೆಂದು ಒಳಗೆ ನುಗ್ಗಿತು. ಅತ್ತೆ ಕೆಮ್ಮಿದರು. ಮಾವ ಬಲಕ್ಕೆ ಸರಿದರು. ಅತ್ತೆ ಬಾಯಿಗೆ ಕೈ ಒತ್ತಿಕೊಂಡರು; ತಡೆದಷ್ಟೂ ಕೆಮ್ಮು ಜೋರಾಯಿತು. ಒಂದರ ಹಿಂದೆ ಒಂದು. ಮಾವ ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ ಸರಿದರು. “ಏನಿದೆ ಅಲ್ಲಿ? ಏನಿದೆಯೇ?” ಎಂದು ಎಡಕ್ಕೆ ಪೂರ್ತಿ ತಲೆ ತಿರುಗಿಸಿದರು. ಎದುರಿನಿಂದ ಹಾಲಿನ ವ್ಯಾನು ಹಾರ್ನು ಬಾರಿಸುತ್ತ ಬಂತು.

ಸೊಸೆ ಎರಡು ಸೀಟುಗಳ ನಡುವಿನಿಂದ ಮುಂದಕ್ಕೆ ಬಿದ್ದು ಹ್ಯಾಂಡ್ ಬ್ರೇಕನ್ನು ಎರಡೂ ಕೈಯಿಂದ ಎಳೆದಳು. ಕಾರು ಹಿಂದಿನ ಚಕ್ರ ಎಳೆದುಕೊಂಡು, ಅಡ್ಡಡ್ಡವಾಗಿ ತಿರುಗಿ ನಿಂತಿತು. ವ್ಯಾನು ಒಂದು ಮೊಳ ದೂರದಲ್ಲಿ ನಿಂತಿತು. ಒಳಗೆ ಕ್ಯಾನುಗಳು ಉರುಳುವ ಸದ್ದಾಯಿತು. ಪುಟ್ಟಿ ಅಳಲೂ ಮರೆತು ಅಮ್ಮನ ಬಟ್ಟೆ ಹಿಡಿದುಕೊಂಡಿದ್ದಳು.

ವ್ಯಾನಿನವನು ಬಾಗಿಲು ಬಡಿದು ಇಳಿದ. “ಏನಯ್ಯಾ, ಕಣ್ಣು ಕಾಣಲ್ವಾ ನಿನಗೆ?” ಎಂದು ಕೂಗುತ್ತ ಬಂದವನು ಕಿಟಕಿಯ ಹತ್ತಿರ ಬಂದು ದನಿ ನುಂಗಿಕೊಂಡ. “ಮೇಷ್ಟ್ರಾ? ತಪ್ಪಾಯ್ತು ಮೇಷ್ಟ್ರೇ, ಬಾಯಿತಪ್ಪಿ ಬಂತು.”

ಮಾವ ಸ್ಟೇರಿಂಗಿನಿಂದ ಕೈ ತೆಗೆದರು. “ಇಲ್ಲಪ್ಪ,” ಎಂದರು. “ಸರಿಯಾಗೇ ಕೇಳಿದೆ ನೀನು.”

ಕಾರಿನಿಂದ ಇಳಿದು, ಕೀಲಿಯನ್ನು ಸೀಟಿನ ಮೇಲೆ ಬಿಟ್ಟು, ಅವರು ಮನೆಯ ಕಡೆ ನಡೆದರು. ಅತ್ತೆ ಕೆಮ್ಮುತ್ತಲೇ ಹಿಂದೆ ಓಡಿದರು. ಅವರು ಗಂಡನ ಎಡಗಡೆಗೇ ಹೋಗಿ ಸೇರಿಕೊಂಡದ್ದನ್ನು ಸೊಸೆ ನೋಡಿದಳು.

ಅಂದು ಸಂಜೆ ಮಾವ ತಟ್ಟೆಯ ಮುಂದೆ ಕೂತು ಅನ್ನ ಮುಟ್ಟಲಿಲ್ಲ. ಮಗ ಗೋದಾಮಿನಿಂದ ಬಂದು ಕೈ ತೊಳೆದು ಕೂರುವವರೆಗೆ ಕಾದರು. ಆಮೇಲೆ ಎಡಗಣ್ಣಿನ ಕತೆ ಹೇಳಿದರು, ಬೇರೆ ಯಾರದೋ ಕಾರಿನ ರಿಪೇರಿ ವಿವರಿಸಿದಂತೆ, ಏರಿಳಿತವಿಲ್ಲದೆ.

“ಮೊದಲ ಸಲ ಸದ್ದು ಬಂದಾಗ ನಿಜವಾಗ್ಲೂ ಮೂಟೆ ಅಂತಲೇ ಅಂದ್ಕೊಂಡೆ,” ಎಂದರು. “ಎರಡನೇ ಸಲ ಗೊತ್ತಾಯ್ತು. ಗೊತ್ತಾದ ಮೇಲೂ ಮೂಟೆ ಅಂದೆ.” ಸೊಸೆಯ ಕಡೆ ತಿರುಗಿದರು, ಅವಳು ಕಾಣುವಂತೆ ಪೂರ್ತಿ ಕುತ್ತಿಗೆ ಹೊರಳಿಸಿ. “ನಿನ್ನ ಕೆಲಸ ಕೆಡಿಸಿದೆ. ಮಗು ಹಣೆ ಒಡೆಸಿದೆ. ಸೂತ್ರದ ಮೂರನೇದನ್ನ ಪರೀಕ್ಷೆ ಮಾಡೋಕೆ ನನಗೆ ಧೈರ್ಯ ಬರಲಿಲ್ಲಮ್ಮ.”

ಸೊಸೆಗೆ ಪರವಾಗಿಲ್ಲ ಎನ್ನಲು ಬಾಯಿ ಬರಲಿಲ್ಲ, ಏಕೆಂದರೆ ಪರವಾಗಿತ್ತು. ಅವಳು ಅವರ ಅನ್ನದ ಮೇಲೆ ಮೊಸರು ಬಡಿಸಿದಳು. ಗಂಡ ತಟ್ಟೆಯಲ್ಲಿ ಬೆರಳಾಡಿಸುತ್ತ, “ನನಗೊಂದು ಮಾತು ಹೇಳಬಾರದಿತ್ತಾ ಅಪ್ಪ?” ಎಂದ.

“ಅವಳು ಹೇಳಿದ್ಲಲ್ಲೋ ನಿನಗೆ,” ಎಂದರು ಅತ್ತೆ. “ನೀನು ಕೇಳಿದ್ಯಾ?”

ಬೆಳಿಗ್ಗೆ ಸೊಸೆ ಎದ್ದಾಗ ಗಂಡ ಚಿಕ್ಕ ಲಾಡ್ಜಿನ ಮೂಟೆಗಳನ್ನು ತಾನೇ ಡಿಕ್ಕಿಗೆ ತುಂಬುತ್ತಿದ್ದ. ಸೈಕಲ್ ಪಂಪು, ಛತ್ರಿ, ಜ್ಯಾಕು ಅಂಗಳದಲ್ಲಿ ಬಿದ್ದಿದ್ದವು. ಅವಳ ಮುಖ ನೋಡದೆ, “ಎಡಕ್ಕೊಂದು ಬಲಕ್ಕೊಂದು ಇಟ್ಟಿದ್ದೀನಿ,” ಎಂದ. “ದೊಡ್ಡ ಲಾಡ್ಜಿಗೆ ಸಂಜೆ ನಾನೂ ಬರ್ತೀನಿ, ಮ್ಯಾನೇಜರ ಹತ್ರ ಮಾತಾಡೋಣ.”

“ನಾನೇ ಮಾತಾಡ್ತೀನಿ,” ಎಂದಳು ಸೊಸೆ. “ನೀವು ಮೂಟೆ ಇಳಿಸೋಕೆ ಬನ್ನಿ.”

ಮಾವ ಹೊರಗೆ ಬಂದು ಅಭ್ಯಾಸಬಲದಿಂದ ಬಲಗಡೆ ಬಾಗಿಲಿಗೆ ಕೈ ಹಾಕಿದರು. ಕೈ ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಆಡಿಸುತ್ತ ಮುಂದಿನಿಂದ ಸುತ್ತಿ ಬಂದು ಎಡಗಡೆ ಕೂತರು, ಮೊದಲು ಕಲಿಸುವಾಗ ಕೂರುತ್ತಿದ್ದ ಸೀಟಿನಲ್ಲಿ. ಅತ್ತೆ ಪುಟ್ಟಿಯ ಜೊತೆ ಹಿಂದೆ ಕೂತರು.

ಸೊಸೆ ಕ್ಲಚ್ಚಿನಿಂದ ಕಾಲು ತೆಗೆದಳು. ಕಾರು ಜರ್ಕಿಲ್ಲದೆ ಹೊರಟಿತು. ಗೇಟು ದಾಟಿತು, ಎಲೆ ಸುಟ್ಟ ಬೂದಿಯನ್ನು ದಾಟಿತು. ಗ್ರಂಥಾಲಯದ ಮೂಲೆ ಬಂತು. ಹಳದಿ ಕಲ್ಲಿನ ಆಚೆ ಮಕ್ಕಳು ಚೀಲ ಹೊತ್ತು ನಿಂತಿದ್ದರು. ಅವಳು ವೇಗ ಇಳಿಸಿದಳು. ಪಕ್ಕದಲ್ಲಿ ಮಾವನ ಬಲಗಾಲು ರಬ್ಬರ್ ಚಾಪೆಯನ್ನು, ಬ್ರೇಕು ಇದ್ದ ಜಾಗದಲ್ಲಿ, ಗಟ್ಟಿಯಾಗಿ ಒತ್ತುತ್ತಿತ್ತು. ಹಿಂದಿನ ಸೀಟಿನಿಂದ ಅತ್ತೆ ಒಮ್ಮೆ ಕೆಮ್ಮಿದರು.

ಮಾವ ಚಾಪೆಯ ಮೇಲಿಂದ ಕಾಲು ತೆಗೆದರು.

“ಕೆಮ್ಮಬೇಡ ಕಣೇ,” ಎಂದರು. “ಅವಳಿಗೆ ಕಾಣುತ್ತೆ.”